ಕಿಟಕಿ ಇಳಿಸಿದ ಚಾಲಕ

ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಆ ಹಿರಿಯ ಹೆಂಗಸಿಗೆ ಕಣ್ಣು ಎಷ್ಟು ಮಂಜೆಂದರೆ, ನೀರಿನ ಕ್ಯಾನ್ ಹೊತ್ತು ನಿಂತವನನ್ನೇ ಇನ್ಸ್‌ಪೆಕ್ಟರ್ ಎಂದುಕೊಂಡು ಅರ್ಧ ದೂರು ಹೇಳಿ ಮುಗಿಸಿದ್ದರು. ಕಣ್ಣಿನ ಆಪರೇಷನ್ನಿಗೆಂದು ಪರ ಊರಿನಿಂದ ಒಬ್ಬರೇ ಬಂದವರು. ರೈಲು ನಿಲ್ದಾಣದಲ್ಲಿ ಹತ್ತಿದ ಟ್ಯಾಕ್ಸಿ ಅವರನ್ನು ಲಾಡ್ಜಿನ ಮುಂದೆ ಇಳಿಸಿ, ಡಿಕ್ಕಿಯಲ್ಲಿದ್ದ ಚೀಲದ ಸಮೇತ ಪರಾರಿಯಾಗಿತ್ತು. ವೈದ್ಯರ ವರದಿಗಳೆಲ್ಲ ಅದರಲ್ಲೇ. ಅವಿಲ್ಲದೆ ನಾಳೆ ಆಪರೇಷನ್ ಇಲ್ಲ. ತಡವಾದರೆ ಉಳಿದ ದೃಷ್ಟಿಯೂ ಹೋದಂತೆಯೇ.

ಎಫ್‌ಐಆರ್ ದಾಖಲಾಯಿತು. ಚಾಲಕನ ಮುಖ ಅವರಿಗೆ ಕಂಡಿರಲಿಲ್ಲ. ಅವನು ಬಾಯಿಯನ್ನೂ ಬಿಟ್ಟಿರಲಿಲ್ಲ. ಮಾತೆಲ್ಲ ಇವರದೇ. ಸುಮ್ಮನೆ ಸುತ್ತಿಸುತ್ತಿದ್ದಾನೆಂಬ ಗುಮಾನಿಯಿಂದ, ಟ್ಯಾಕ್ಸಿಯವರೆಲ್ಲ ಕಳ್ಳರು, ಹೆತ್ತವರಿಗೆ ಹೊರೆ, ತನ್ನ ತಂಗಿಯ ಮಗ ಇಲ್ಲಿ ದೊಡ್ಡ ಆಫೀಸರು ಎಂದು ದಾರಿಯುದ್ದಕ್ಕೂ ಜಾಡಿಸಿದ್ದರಂತೆ. ಹೇಳುವಾಗ ದನಿಯಲ್ಲಿ ಹೆಮ್ಮೆ ಇನ್ನೂ ಇಳಿದಿರಲಿಲ್ಲ.

"ಅವನು ಏನೂ ಮಾಡ್ಲಿಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

"ಕೂತ ತಕ್ಷಣ ಎಸಿ ಆರಿಸಿ ನನ್ನ ಕಡೆ ಕಿಟಕಿ ಇಳಿಸಿದ, ಅಷ್ಟೇ. ಕಿಟಕಿ ಮುಚ್ಚಿದ್ರೆ ನಂಗೆ ವಾಂತಿ ಬರುತ್ತೆ."

"ಅದನ್ನ ಅವನಿಗೆ ಹೇಳಿದ್ರಾ?"

ಹೇಳಿರಲಿಲ್ಲ. ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. ಈ ಊರಲ್ಲಿ ಅವರನ್ನು ಬಲ್ಲವನು ತಂಗಿಯ ಮಗ ಒಬ್ಬನೇ. ಅವನೋ, ಕೆಲಸದ ಮೇಲೆ ಹೊರಗೆ ಹೋಗಿದ್ದೇನೆ ಎಂದಿದ್ದ. ಅವನ ಫೋನ್ ಸ್ವಿಚ್ ಆಫ್ ಆಗಿತ್ತು.

ಕಾನ್‌ಸ್ಟೇಬಲ್ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದ. ಅಲ್ಲಿ ಸಾಲಿನ ಮೊದಲ ಗಾಡಿ ಬಂದ ಗಿರಾಕಿಯನ್ನು ಹತ್ತಿಸಿಕೊಳ್ಳಲೇಬೇಕು. ಒಲ್ಲೆ ಎಂದವನಿಗೆ ಆಮೇಲೆ ಸ್ಟ್ಯಾಂಡಿನಲ್ಲಿ ಜಾಗವಿಲ್ಲ. ಬೆಳಿಗ್ಗೆ ಒಬ್ಬ ಚಾಲಕ ಹಿರಿಯ ಹೆಂಗಸೊಬ್ಬರನ್ನು ಕಂಡು ಬೆಪ್ಪಾಗಿ, ಹಿಂದಿನ ಗಾಡಿಯವನ ಕೈಕಾಲು ಹಿಡಿದು, ಅವನು ಒಪ್ಪದೆ ಹೋದಾಗ ಟೋಪಿ ಕೆಳಗೆಳೆದುಕೊಂಡು ಹೊರಟನೆಂದು ಸಾಲು ನೋಡಿಕೊಳ್ಳುವ ಮೇಸ್ತ್ರಿ ಹೇಳಿದ. ವಿಳಾಸವನ್ನೂ ಕೊಟ್ಟ.

ಮಧ್ಯಾಹ್ನ ಮೂರಕ್ಕೆ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಅವನು ಸಿಕ್ಕಿದ. ಚೀಲ ಮಂಚದ ಮೇಲಿತ್ತು, ಜಿಪ್ ಕೂಡ ತೆಗೆದಿರಲಿಲ್ಲ. ಪಂಚನಾಮೆ ನಡೆಯುವಾಗ ಅವನು ಗೋಡೆ ನೋಡುತ್ತ ಎಲ್ಲ ಒಪ್ಪಿಕೊಂಡ. ಕೆಲಸಕ್ಕಿದ್ದ ಆಫೀಸು ಮುಚ್ಚಿತ್ತು, ಮನೆಯವರಿಗೆ ತಿಳಿಸಿರಲಿಲ್ಲ. ಚೀಲ ಕೊಡಲು ಹತ್ತಿರ ಹೋದರೆ ಗುರುತು ಸಿಕ್ಕೀತೆಂದು ಗಾಡಿ ಓಡಿಸಿದ್ದ. ಆಮೇಲೆ ಹಿಂದಿರುಗಿಸಲು ಮುಖವಿರಲಿಲ್ಲ.

"ನಾಳೆ ಆಪರೇಷನ್ ಅಂತ ಗೊತ್ತಿತ್ತಾ?" ಇನ್ಸ್‌ಪೆಕ್ಟರ್ ಕೇಳಿದರು.

"ಗೊತ್ತಿತ್ತು ಸಾರ್." ಅಷ್ಟು ಹೇಳುವಷ್ಟರಲ್ಲಿ ಅವನು ನಾಚಿಕೆಯಿಂದ ಕುಗ್ಗಿಹೋಗಿದ್ದ.

ಬಂಧಿಸಿ ಠಾಣೆಗೆ ತಂದರು. ಹೆಂಗಸು ಬೆಂಚಿನ ಮೇಲೆ ಕಾಯುತ್ತಿದ್ದರು. ಹೇಳಿಕೆ ಬರೆದುಕೊಳ್ಳುತ್ತ ಇನ್ಸ್‌ಪೆಕ್ಟರ್ ಕಾರಣ ಕೇಳಿದಾಗ ಅವನು ಮೆಲ್ಲಗೆ ಹೇಳಿದ:

"ಆಸೆಬಿದ್ದು ಕದ್ದೆ ಅಂತ ಬರ್ಕೊಳ್ಳಿ. ದೊಡ್ಡಮ್ಮ ಬೈದಿದ್ದು ಬೇಡ."

ದನಿ ಕೇಳಿ ಅವರು ಎದ್ದು ನಿಂತರು. ದೂರು ವಾಪಸ್ ಕೊಡಿ ಎಂದರು. ಇನ್ನು ಅದು ಕೋರ್ಟಿಗೆ ಬಿಟ್ಟದ್ದೆಂದು ಇನ್ಸ್‌ಪೆಕ್ಟರ್ ತಿಳಿಸಿದರು.

"ಸಾಹೇಬ್ರೇ, ಅವನು ಯಾವತ್ತೂ ಆಫೀಸರ್ ಅಂದಿಲ್ಲ. ಗುಮಾಸ್ತ ಅಂತಲೇ ಹೇಳಿದ್ದ. ಆಫೀಸರ್ ಮಾಡಿ ಊರೆಲ್ಲ ಸಾರಿದವಳು ನಾನು."

ಇನ್ಸ್‌ಪೆಕ್ಟರ್ ಕಾರಣದ ಜಾಗದಲ್ಲಿ ನಾಚಿಕೆ ಎಂದು ಬರೆದರು. ಅವನನ್ನು ಲಾಕಪ್ಪಿಗೆ ಕರೆದೊಯ್ಯುವಾಗ ಆಕೆ ಚೀಲವನ್ನು ಎದೆಗವುಚಿಕೊಂಡು, ಅವನಿಗೆ ಇನ್ನಷ್ಟು ನಾಚಿಕೆಯಾಗಬಾರದೆಂದು, ಸರಿಯಾಗಿ ಕಾಣದ ಆ ಕಣ್ಣುಗಳನ್ನೂ ಬೇರೆ ಕಡೆ ತಿರುಗಿಸಿಕೊಂಡರು.