ಪೂರ್ವಕ್ಕೆ ಬಂದ ಶುಕ್ರ

ಆವತ್ತು ಸಂಜೆ ತಾರಸಿಯ ತಂತಿಯಿಂದ ಅರ್ಧ ಬಟ್ಟೆ ತೆಗೆದು ಮಡಚಿದ್ದೆ. ಸೂರ್ಯ ಆಗಷ್ಟೇ ಮುಳುಗಿದ್ದ. ಕುರ್ಚಿಯಲ್ಲಿದ್ದ ಅತ್ತೆ ಪೂರ್ವಕ್ಕೆ ಕೈ ತೋರಿಸಿ, "ಶುಕ್ರ ಬಂದ ನೋಡೇ. ನಿನ್ನೆಗಿಂತ ದೊಡ್ಡದಾಗಿ ಕಾಣ್ತಿದಾನೆ," ಎಂದರು.

ನನ್ನ ಗಂಡ ವಿಜ್ಞಾನದ ಮೇಷ್ಟ್ರು. "ಶುಕ್ರ ಸೂರ್ಯನ ಸೆರಗು ಹಿಡ್ಕೊಂಡೇ ಓಡಾಡೋದು ಕಣಮ್ಮ. ಸಂಜೆ ಪಶ್ಚಿಮದಲ್ಲಿ ಬಿಟ್ಟು ಬೇರೆಲ್ಲೂ ಕಾಣಲ್ಲ," ಎಂದು ನಕ್ಕರು.

"ನಿನ್ನ ಪುಸ್ತಕಾನ ಅವನು ಓದಿಲ್ಲ ಕಣೋ," ಎಂದರು ಅತ್ತೆ.

ಇವರು ನನ್ನ ಕಿವಿಯ ಬಳಿ ಬಂದು, "ಪೂರ್ತಿ ಅರಳುಮರಳು. ನಾಳೆ ಡಾಕ್ಟರಿಗೆ ನೀನೇ ಹೇಳು. ಅವರು ಬರೆದುಕೊಟ್ರೆ ಆಶ್ರಮಕ್ಕೆ ಸೇರಿಸಿಬಿಡೋಣ," ಎಂದು ಕೆಳಗಿಳಿದರು.

ನಾನು ಪೂರ್ವಕ್ಕೆ ನೋಡಿದೆ. ಖಾಲಿ ಆಕಾಶ. ಉಳಿದ ಬಟ್ಟೆ ಮುಟ್ಟಿದರೆ, ಪೂರ್ವದ ಮಗ್ಗುಲು ಮಾತ್ರ ಕೈ ಕೊರೆಯುವಷ್ಟು ತಣ್ಣಗಿತ್ತು. ಕಾಗೆಗಳೆಲ್ಲ ಒಮ್ಮೆಲೇ ಸುಮ್ಮನಾದವು. ಪಶ್ಚಿಮದಲ್ಲಿ ಇನ್ನೂ ಕೆಂಪಿತ್ತು. ಅತ್ತೆಯ ನೆರಳು ಆ ಕೆಂಪಿನ ಕಡೆಗೇ ಉದ್ದಕ್ಕೆ ಚಾಚಿತ್ತು. ಪಕ್ಕದಲ್ಲಿ ನನ್ನದೂ.

ಅತ್ತೆಯ ಕೈ ಹಿಡಿದು ಇಳಿಸಿದೆ. ಡಾಕ್ಟರ್ ಕೇಳಿದರೆ ಅವರ ಬುದ್ಧಿ ನನ್ನಷ್ಟೇ ನೆಟ್ಟಗಿದೆ ಎನ್ನಬೇಕೆಂದು ಮೆಟ್ಟಿಲ ಮೇಲೆಯೇ ನಿಶ್ಚಯಿಸಿದೆ. ಕಂಡದ್ದನ್ನು ಇವರಿಗೆ ಹೇಳಲಿಲ್ಲ.