ಟಾಕಿ ಖಾಲಿ ಇದೆ

"ಆ ಮುಚ್ಚಳಕ್ಕ ಕಾಲು ಹಚ್ಚಬ್ಯಾಡ್ರಿ ಸಾಹೇಬ್ರ" ಎಂದು ಜವಾನ ಅಮೀನ್‌ಸಾಬ್ ಹೇಳಿ ಮುಗಿಸುವಷ್ಟರಲ್ಲಿ ಎಂಜಿನಿಯರ್ ಚಿದಂಬರ ಒದ್ದೇಬಿಟ್ಟಿದ್ದ. ಕಬ್ಬಿಣದ ಮುಚ್ಚಳದ ಮೇಲಿದ್ದ ಕುಂಕುಮ ಕಲಸಿದ ಅನ್ನ, ಒಣಗಿದ ನಿಂಬೆಹಣ್ಣು, ಕರಿದಾರ ಸುತ್ತಿದ ಹಸಿರು ಬಳೆಗಳು ಜಾಲಿಪೊದೆಗೆ ಹಾರಿ ಬಿದ್ದವು. ಒಂದು ಬಳೆ ಟಿಕ್ಕೆಂದು ಒಡೆಯಿತು.

ಅವನು ತುಮಕೂರು ಕಡೆಯಿಂದ ವರ್ಗವಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯ ಆ ಸಣ್ಣ ಪುರಸಭೆಗೆ ೧೯೯೪ರ ಬೇಸಿಗೆಯಲ್ಲಿ ಬಂದ ದೊಡ್ಡ ಅರ್ಜಿಯೆಂದರೆ ಈ ಪಾಳುಬಿದ್ದ ಪೆಟ್ರೋಲ್ ಬಂಕಿನದು. ಅದನ್ನು ಕೆಡವಿ ಅಂಗಡಿ ಸಾಲು ಕಟ್ಟಲು ಬಂಕಿನ ಧಣಿ ಪರವಾನಗಿ ಕೇಳಿದ್ದ. ನೆಲದೊಳಗಿನ ಪೆಟ್ರೋಲ್ ಟಾಕಿಯನ್ನು ತೆರೆದು ನೋಡಿ ಎಂಜಿನಿಯರ್ ವರದಿ ಕೊಟ್ಟರೆ ಮಂಜೂರಾತಿ ಸಿಗುತ್ತಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು, ತೆರೆಯುವವರಾರು? ಚಿದಂಬರ ಜೀಪಿನ ಮೇಲೆ ಕಾಗದವಿಟ್ಟು ಬರೆದ: "ಖುದ್ದು ಪರಿಶೀಲಿಸಲಾಗಿದೆ. ಟಾಕಿ ಖಾಲಿ ಇದೆ."

"ಖಾಲಿ ಇಲ್ರಿ."

ಬೇವಿನ ಮರದಡಿಯಿಂದ ಒಬ್ಬ ಹೆಂಗಸು ಎದ್ದು ಬಂದಳು. ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ. ತುರ್ವಿಹಾಳದ ಪೀರಮ್ಮ ಎಂದು ಅಮೀನ್‌ಸಾಬ್ ಪಿಸುಗುಟ್ಟಿದ.

"ನನ್ನ ಗಂಡ ಗಾಳೆಪ್ಪ ಒಳಗದಾನ್ರಿ. ಟಾಕಿ ತಳದಾಗಿನ ರಾಡಿ ಬಳಿಯಾಕ ಇಳಿಸಿದ್ರು, ಎಂಟು ವರ್ಷಾತು. ಮ್ಯಾಲ ಬರಲಿಲ್ಲ. ಓಡಿಹೋಗ್ಯಾನಂತ ಹೇಳಿ ಧಣಿ ಮುಚ್ಚಳ ಹಾಕಿಬಿಟ್ಟ. ನಾ ಮುತ್ತೈದಿನೋ ರಂಡಿಮುಂಡಿನೋ ನನಗ ಗೊತ್ತಿಲ್ಲ. ಒಮ್ಮೆ ತಗದು ತೋರಸ್ರಿ, ಬಳಿ ಒಡಕೊಂಡು ಅತ್ತು ಹೋಗ್ತೀನಿ."

ಚಿದಂಬರ ನಕ್ಕ. "ಓಡಿಹೋದ ಗಂಡನನ್ನು ಹುಡುಕಿಕೊಡೋದಕ್ಕೆ ಪುರಸಭೆ ಬೇಕೇನಮ್ಮ?"

ನಗಬಾರದಿತ್ತು. ಆಗುವುದಿಲ್ಲ ಎಂದರೆ ಸಾಕಿತ್ತು, ಅವಳು ಎಂಟು ವರ್ಷದಿಂದ ಕೇಳಿಸಿಕೊಂಡು ಬಂದ ಮಾತೇ ಅದು. ಪೀರಮ್ಮ ಬಗ್ಗಿ, ಅವನ ಬೂಟು ಮೂಡಿದ ಕಡೆಯಿಂದ ಒಂದು ಹಿಡಿ ಮಣ್ಣೆತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಖಾಲಿ ಅಂತ ಬರದಿ. ನೀನ ಇಳಿದು ನೋಡೂತನಾ ನಿನ್ನ ಹೇಣ್ತಿ ಕೈಯಾಗ ಬಳಿ ನಿಲ್ಲಬಾರದು."

ಅಮೀನ್‌ಸಾಬನ ಮುಖ ಬಿಳಿಚಿತು. "ಹೆಜ್ಜಿಮಣ್ಣು ತಗೊಂಡಾಳ ಸಾಹೇಬ್ರ. ಕೈ ಮುಗದು ತಪ್ಪಾತು ಅನ್ರಿ."

"ಮಣ್ಣು ತಾನೇ? ಒಂದು ಬುಟ್ಟಿ ತಗೊಳ್ಳಲಿ" ಎಂದು ಚಿದಂಬರ ಜೀಪು ಹತ್ತಿದ.

ಅವತ್ತು ಸಂಜೆ ಅವನ ಹೆಂಡತಿ ವನಜಾಕ್ಷಿ ಚಪಾತಿ ಲಟ್ಟಿಸುವಾಗ ಒಂದು ಬಳೆ ತಾನಾಗಿ ಸೀಳಿತು. ಮರುದಿನ ಇನ್ನೊಂದು, ಅದರ ಮರುದಿನ ಮತ್ತೊಂದು. ಹೊಸ ಬಳೆ ತಂದರೆ ಮುಂಗೈ ದಾಟುವ ಮೊದಲೇ ಚೂರಾಗುತ್ತಿತ್ತು. ಕೊಡದ ನೀರಿನಲ್ಲಿ ಪೆಟ್ರೋಲಿನ ವಾಸನೆ. ಅನ್ನದಲ್ಲಿ ಅದೇ ವಾಸನೆ. ಬಚ್ಚಲ ತೂಬಿನೊಳಗಿಂದ ಯಾರೋ ಕಬ್ಬಿಣ ಕುಟ್ಟಿದ ಸದ್ದು, ಢಣ್, ಢಣ್. ಚಿದಂಬರ ಮೊದಮೊದಲು ಬಳೆಗಾರನನ್ನು ಬೈದ, ಆಮೇಲೆ ಬೈಯುವುದನ್ನು ಬಿಟ್ಟ. ಅವನಿಗೆ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಸಭೆಯಲ್ಲಿ ಮಂಜೂರಾತಿಯೂ ಆಗಿಹೋಯಿತು. ಮರುದಿನ ಬೆಳಿಗ್ಗೆ ಟಾಕಿಗೆ ಕಾಂಕ್ರೀಟ್ ತುಂಬುವುದೆಂದು ಗೊತ್ತಾದ ದಿನ ವನಜಾಕ್ಷಿಯ ಕೈಯಲ್ಲಿ ಉಳಿದದ್ದು ಒಂದೇ ಬಳೆ. ಅವಳು ಆ ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದಳು.

"ಇದು ಒಡೆದರೆ ನೀವು ಉಳಿಯೋದಿಲ್ಲ ರೀ. ಹೋಗಿ. ಅವಳ ಕಾಲು ಹಿಡೀರಿ."

ಮಟಮಟ ಮಧ್ಯಾಹ್ನ. ಅಮೀನ್‌ಸಾಬ್ ಬರಲು ಒಲ್ಲೆನೆಂದ. ಚಿದಂಬರ ಒಬ್ಬನೇ ಬಂಕಿಗೆ ಬಂದಾಗ ಪೀರಮ್ಮ, ಕಾಂಕ್ರೀಟಿಗೆಂದು ಆಳುಗಳು ಬೋಲ್ಟು ಬಿಚ್ಚಿ ತೆರೆದಿಟ್ಟಿದ್ದ ಮುಚ್ಚಳದ ಪಕ್ಕ ಹಗ್ಗದ ಸುರುಳಿ ಇಟ್ಟುಕೊಂಡು ಕೂತಿದ್ದಳು. ಬರುವ ನೆಂಟನಿಗೆ ಕಾದು ಕೂತ ಹಾಗಿತ್ತು.

"ತಪ್ಪಾಯ್ತಮ್ಮ. ನಾನೇ ಇಳಿದು ನೋಡ್ತೀನಿ. ಶಾಪ ತೆಗಿ."

"ಇಳೀರಿ. ಮೊದಲು ನನ್ನ ಗಂಡನ್ನ ಕಳಸ್ರಿ. ಹಗ್ಗ ನಾ ಹಿಡಿತೀನಿ."

ಏಣಿಯ ಕಂಬಿಗಳು ತುಕ್ಕು ಹಿಡಿದಿದ್ದವು. ಮೂರನೆಯದು ಮುರಿಯಿತು. ಅವನು ರಾಡಿಯಲ್ಲಿ ಬಿದ್ದ. ಕೊಳೆತ ಎಣ್ಣೆಯ ವಾಸನೆ ಮೂಗಿಗಲ್ಲ, ಕಣ್ಣಿಗೇ ಹೊಡೆಯಿತು. ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ಬ್ಯಾಟರಿ ಹಚ್ಚಿದ. ಗೋಡೆಗೊರಗಿ ಮೂಳೆಗಳು ಕೂತಿದ್ದವು. ಬೆರಳೆಲುಬುಗಳ ನಡುವೆ ಒಂದು ಸುತ್ತಿಗೆ. ತಗಡಿನ ಗೋಡೆ ತುಂಬ ಕುಟ್ಟಿದ ಗುರುತು. ಗಾಳೆಪ್ಪ ತಕ್ಷಣ ಸತ್ತಿರಲಿಲ್ಲ.

ಚಿದಂಬರ ಅಂಗಿ ಬಿಚ್ಚಿದ. ಮೂಳೆಗಳನ್ನು ಅದರಲ್ಲಿ ಕಟ್ಟಿದ. ಮೇಲಿಂದ ಅವಳು ಇಳಿಬಿಟ್ಟಿದ್ದ ಹಗ್ಗಕ್ಕೆ ಬಿಗಿದು ಜಗ್ಗಿದ. ಗಂಟು ಮೇಲಕ್ಕೆ ಹೋಯಿತು. ಬೆಳಕಿನ ಬಾಯಲ್ಲಿ ಮರೆಯಾಯಿತು.

ಅವನು ಹಗ್ಗಕ್ಕಾಗಿ ಕಾದ.

ಮೇಲೆ ಕಲ್ಲಿನ ಮೇಲೆ ಬಳೆ ಒಡೆಯುವ ಸದ್ದು. ಒಂದು. ಎರಡು. ಕೈತುಂಬ. ಆಮೇಲೆ ಎಂಟು ವರ್ಷ ಹಿಡಿದಿಟ್ಟ ಅಳು ಒಮ್ಮೆಲೇ ಹೊರಬಿತ್ತು. ಅದನ್ನು ಕೇಳಿ ಚಿದಂಬರನಿಗೆ ಮೊದಲ ಸಲ ಅವಳ ಮೇಲೆ ಮರುಕ ಹುಟ್ಟಿತು. ಹುಟ್ಟಲು ತಡವಾಗಿತ್ತು.

"ಅಮ್ಮಾ, ಹಗ್ಗ!"

ಕುಂಕುಮ ಅಳಿಸಿದ ಮುಖವೊಂದು ಬಗ್ಗಿತು. ಅವಳು ಸೆರಗಿನ ಗಂಟು ಬಿಚ್ಚಿ ಕೊಡವಿದಳು. ಒಂದು ಹಿಡಿ ಮಣ್ಣು ಅವನ ತಲೆಯ ಮೇಲೆ ಉದುರಿತು. ಕೂಗಲು ಬಾಯಿ ತೆರೆದ. ದನಿ ಬರಲಿಲ್ಲ. ಉಸಿರು ಬರಲಿಲ್ಲ. ರಾಡಿಯಲ್ಲೇ ಕುಸಿದು ಕೂತ.

ರಸ್ತೆಯ ಕಡೆಯಿಂದ ಅಮೀನ್‌ಸಾಬನ ಕೂಗು ಕೇಳಿಸಿತು. ಮನಸ್ಸು ತಡೆಯದೆ ಹುಡುಕಿಕೊಂಡು ಬಂದಿದ್ದ. "ಸಾಹೇಬ್ರು ಈ ಕಡೆ ಬಂದ್ರೇನವ್ವಾ? ಒಳಗ ಯಾರರ ಅದಾರೇನು?"

"ಯಾರೂ ಇಲ್ಲ ಚಾಚಾ" ಎಂದಳು ಪೀರಮ್ಮ, ಅತ್ತು ಹಗುರಾದ ದನಿಯಲ್ಲಿ. "ಟಾಕಿ ಖಾಲಿ ಐತಿ. ಸಾಹೇಬ್ರ ಬರದಾರಲ್ಲ."

ಮುಚ್ಚಳ ಎಳೆದ ಸದ್ದು. ಬೆಳಕು ಬಾಗಿತು, ಸಣ್ಣದಾಯಿತು, ಹೋಯಿತು. ಚಿದಂಬರ ರಾಡಿಯಲ್ಲಿ ತಡಕಾಡಿದ. ಕೈಗೆ ಸುತ್ತಿಗೆ ಸಿಕ್ಕಿತು. ಎತ್ತಿ ಕುಟ್ಟಿದ. ಢಣ್. ಢಣ್. ಕತ್ತಲಲ್ಲಿ, ಎಲ್ಲೋ ಬಹಳ ದೂರದಲ್ಲಿ, ಒಂದೇ ಒಂದು ಬಳೆ ಟಿಕ್ಕೆಂದು ಒಡೆದದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.