ಚಹಾಕ್ಕೆ ಬಿದ್ದ ಸುಣ್ಣ

"ಅಕ್ಕಾ, ನನ್ನ ಸ್ಕಿಪ್ಪಿಂಗ್ ರೋಪ್ ಕೊಡೇ! ಬಾಗಿಲು ಯಾಕೆ ಹಾಕ್ಕೊಂಡಿದ್ದೀಯಾ?"

ಒಳಗೆ ದಬ್, ದಬ್ ಎನ್ನುತ್ತಿದ್ದ ಸದ್ದು ನಿಂತಿತು. ಬಾಗಿಲು ಗೇಣಷ್ಟು ತೆರೆಯಿತು. ಅಕ್ಕನ ಮುಖವೆಲ್ಲ ಬೆವರು. ಕೈಯಲ್ಲಿ ರೋಪ್.

"ಶ್! ಯಾರಿಗೂ ಹೇಳ್ಬೇಡ ಕಡ್ಡಿ. ದಿನಾ ಬೆವರು ಬರೋ ಹಾಗೆ ಏನಾದ್ರೂ ಮಾಡು ಅಂದಿದ್ದಾರೆ ಡಾಕ್ಟರ್. ಬೀದಿಗೆ ಹೋದ್ರೆ ಎಲ್ರೂ ನೋಡ್ತಾರೆ."

ಅಕ್ಕನಿಗೆ ಪಿಸಿಒಎಸ್ ಅಂತೆ. ಮೈಯೊಳಗಿನ ಹಾರ್ಮೋನು ಹದ ತಪ್ಪಿದೆ, ತೂಕ ಏರುವುದು ಬೇಗ, ಇಳಿಯಲು ಮಾತ್ರ ಸತಾಯಿಸುತ್ತದೆ ಎಂದು ಅಮ್ಮ ಹೇಳಿದ್ದಳು. ತೆಳ್ಳಗಿದ್ದಾಳೆಂದು ಎಲ್ಲರೂ ಕಡ್ಡಿ ಎನ್ನುವ ತಂಗಿಗೆ ಅದು ಪೂರ್ತಿ ತಿಳಿದಿರಲಿಲ್ಲ. ಊಟಕ್ಕೆ ಕೂತರೆ ಅಕ್ಕನಿಗಿಂತ ತಾನೇ ಹೆಚ್ಚು ತಿನ್ನುತ್ತಿದ್ದಳು. ಆದರೂ ಕಡ್ಡಿಯ ಸ್ಕರ್ಟ್ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಟೈಲರಿಂಗ್ ಕೆಲಸ ಮಾಡುವ ಅಕ್ಕನೋ, ತನ್ನ ಬಟ್ಟೆಯ ಹೊಲಿಗೆಯನ್ನೇ ಬಿಚ್ಚಿ ಬಿಚ್ಚಿ ಸಡಿಲ ಮಾಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಟಕಟಕ. ಕೆಳಮನೆ ಅಜ್ಜಿ! ಕೈಯಲ್ಲಿ ಚಹಾ ಲೋಟ.

"ಯಾರ್ರೇ ಅದು? ಮನೇಲಿ ಆನೆ ಸಾಕಿದ್ದೀರಾ? ನೋಡಿ, ಮೇಲಿಂದ ಚಹಾಕ್ಕೆಲ್ಲ ಸುಣ್ಣ ಉದುರಿದೆ!"

ಅಕ್ಕನ ಕೈಯಿಂದ ರೋಪ್ ಜಾರಿತು. ಇನ್ನು ಇವಳು ಅದನ್ನು ಮುಟ್ಟುವುದಿಲ್ಲ ಎಂದು ಕಡ್ಡಿಗೆ ಅವಳ ಮುಖ ನೋಡಿಯೇ ಗೊತ್ತಾಯಿತು. ರೋಪ್ ಎತ್ತಿಕೊಂಡು ಹೊರಗೆ ಓಡಿದಳು.

"ನಾನೇ ಅಜ್ಜಿ! ಆನೆ ನಾನೇ!"

"ನೀನಾ? ಜೋರಾಗಿ ಗಾಳಿ ಬೀಸಿದ್ರೆ ಹಾರ್ಕೊಂಡು ಹೋಗ್ತೀಯ. ಎಲ್ಲಿ, ಕುಣಿ ನೋಡೋಣ."

ಕಡ್ಡಿ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕುಣಿದಳು. ಬೆಕ್ಕು ನಡೆದಷ್ಟೇ ಸದ್ದು.

ಒಳಗೆ ಯಾರೋ ಕಿಸಕ್ಕನೆ ನಕ್ಕರು. ಬೆವರು ಒರೆಸಿಕೊಳ್ಳುತ್ತಾ ಅಕ್ಕ ಹೊರಗೆ ಬಂದಳು.

"ಅದು ನಾನು ಅಜ್ಜಿ. ಹಾರ್ಮೋನ್ ತೊಂದ್ರೆ, ಡಾಕ್ಟರ್ ಹೇಳಿದ್ದು. ಇನ್ಮೇಲೆ ಮಾಡಲ್ಲ."

"ಯಾಕೆ ಮಾಡಲ್ಲ? ಡಾಕ್ಟರ್ ಹೇಳಿದ್ದನ್ನ ಬಿಡ್ತಾರಾ ಯಾರಾದ್ರೂ?" ಅಜ್ಜಿ ಕೋಲು ಕುಟ್ಟಿದರು. ಆಮೇಲೆ ದನಿ ತಗ್ಗಿಸಿದರು. "ಆನೆ ಅಂದುಬಿಟ್ಟೆ, ಬೇಜಾರು ಮಾಡ್ಕೋಬೇಡಮ್ಮ. ಕೆಳಗೆ ಅಂಗಳ ಇದೆಯಲ್ಲ, ಅದರಡಿ ಯಾರ ಮನೇನೂ ಇಲ್ಲ."

"ಎಲ್ರೂ ನೋಡ್ತಾರೆ ಅಜ್ಜಿ..."

"ನಾನೂ ನೋಡ್ತೀನಿ. ನಂಗೂ ಬೆಳಿಗ್ಗೆ ಹೊತ್ತು ಹೋಗಲ್ಲ."

ಮರುದಿನ ಅಂಗಳದಲ್ಲಿ ದಬ್, ದಬ್. ಅಜ್ಜಿ ಬಯಲಲ್ಲಿ ಕೂತಿದ್ದರೂ ನಿನ್ನೆಯ ನೆನಪಿಗೆ ಚಹಾ ಲೋಟಕ್ಕೆ ಅಂಗೈ ಮುಚ್ಚಿಕೊಂಡಿದ್ದರು. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ರೋಪ್ ಅಕ್ಕನ ಕಾಲಿಗೆ ತೊಡರಿತು. ಅವಳು ಅದನ್ನು ಬಿಡಿಸಿಕೊಂಡು ಮತ್ತೆ ಶುರುಮಾಡಿದಳು.

"ನನ್ನ ರೋಪ್..." ಎಂದು ಬಾಯಿ ತೆರೆದಿದ್ದ ಕಡ್ಡಿ ಹಾಗೇ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಳು.